ಆರಿದ ಒಲೆಗೆ ಕಟ್ಟಿಗೆ

ಮದುವೆಯಾದ ಮೇಲೆ ನಾಲ್ಕು ವರ್ಷ ನನ್ನ ಅತ್ತೆಯವರದೆಂದು ನಾನು ನೋಡಿದ್ದು ಒಂದು ಕೈಯನ್ನು ಮಾತ್ರ. ಬಲಗೈ. ಮಸ್ಕಿಯ ಅವರ ಮನೆಯ ಪಡಸಾಲೆಯಲ್ಲಿ ನಾನು ಊಟಕ್ಕೆ ಕೂತಾಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಆ ಕೈ ಬರುತ್ತಿತ್ತು. ಅಗಲವಾದ ಅಂಗೈ, ರೊಟ್ಟಿ ಬಡಿದು ಬಡಿದು ಚಪ್ಪಟೆಯಾದ ಬೆರಳ ತುದಿಗಳು, ಹೆಬ್ಬೆರಳ ಬುಡದಲ್ಲಿ ಹಂಚು ತಾಗಿ ಸುಟ್ಟ ಹಳೆಯ ಕಲೆ. ಮಾವನವರು ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಕೈಯಲ್ಲಿ ಬಳೆ ಇರಲಿಲ್ಲ, ಅದು ಬರುವ ಸದ್ದೂ ಇರುತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ತಟ್ಟೆಯಲ್ಲಿ ಇನ್ನೊಂದು ರೊಟ್ಟಿ ಬಿದ್ದಿರುತ್ತಿತ್ತು. ಸಾಕೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ನನ್ನ ಬೆರಳ ಸಂದಿಯಿಂದಲೇ ತುಪ್ಪ ಇಳಿಯುತ್ತಿತ್ತು.

ಅಳಿಯನ ಎದುರು ಅತ್ತೆ ಬರಬಾರದು, ನೇರವಾಗಿ ಮಾತಾಡಬಾರದು. ನಮ್ಮ ಕಡೆಯ ಮನೆತನಗಳಲ್ಲಿ ಇದೇನು ಹೊಸದಲ್ಲ. ಆದರೆ ಉಳಿದವರ ಮನೆಗಳಲ್ಲಿ ಒಂದೆರಡು ವರ್ಷಕ್ಕೆ ಈ ಬಿಗಿ ತಾನಾಗಿಯೇ ಸಡಿಲಾಗುತ್ತಿತ್ತು. ಇವರದು ಆಗಲಿಲ್ಲ. ನನಗೆ ಹೇಳಬೇಕಾದದ್ದನ್ನು ಅವರು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಇವತ್ತ ಮಾಸ್ತರು ಉಳದ್ರ ಕಡಬು ಮಾಡತಿದ್ವಿ" ಎಂದು ಕಂಬಕ್ಕೆ ಒಂದು ಮಾತು. ನಾನು ಅದನ್ನು ಕೇಳಿಸಿಕೊಂಡು ಹೆಂಡತಿಗೆ ಹೇಳಬೇಕು, ಹೆಂಡತಿ ಹೋಗಿ ಬಾಗಿಲಿಗೆ ಹೇಳಬೇಕು, ಬಾಗಿಲಿನಿಂದ ಮತ್ತೆ ಕಂಬಕ್ಕೆ ಉತ್ತರ ಬರಬೇಕು. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸು ಹೋಗಿರುತ್ತಿತ್ತು. ನಾನು ಲಿಂಗಸುಗೂರಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರ. ಮರುದಿನ ಶಾಲೆಗೆ ತಡವಾದದ್ದಕ್ಕೆ ಹೆಡ್ ಮಾಸ್ತರರಿಗೆ ಕಂಬದ ಕಥೆ ಹೇಳಲು ಆಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಗುವ ಮಾತಾಗಿ ಮುಗಿದುಹೋಗುತ್ತಿತ್ತು.

ಐವತ್ಮೂರರ ಬೇಸಿಗೆಗೆ ಮೊದಲು ಹೆಂಡತಿ ಹೆರಿಗೆಗೆಂದು ಮಸ್ಕಿಗೆ ಹೋದಳು. ಹೆಣ್ಣು ಮಗು ಹುಟ್ಟಿತು. ಬಾಣಂತಿ ಕೋಣೆಯಲ್ಲಿ ಮಲಗಿದ್ದವಳಿಗೆ, ತಾಯಿ ದಿನಾ ನಸುಕಿನಲ್ಲಿ ಯಾರೂ ಏಳುವ ಮೊದಲೇ ಎದ್ದು ತನ್ನ ಸೀರೆಯೊಂದನ್ನೇ ಬೇರೆಯಾಗಿ ಒಗೆಯುವುದು ಕಣ್ಣಿಗೆ ಬಿತ್ತು. ಕೇಳಿದರೆ "ಉಷ್ಣ ಆಗೇತಿ" ಎಂಬ ಉತ್ತರ. ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸಿಗೆ ವರ್ಷದಿಂದ ರಕ್ತ ಹೋಗುತ್ತಿತ್ತು. ಅವರು ಜೀರಿಗೆ ನೀರು ಕುಡಿದುಕೊಂಡು, ಮಗಳ ಬಾಣಂತನಕ್ಕೆ ಕಟ್ಟಿಗೆ ಒಡೆಸಿಕೊಂಡು ಓಡಾಡುತ್ತಿದ್ದರು. ರಾಯಚೂರಿನ ಲೇಡಿ ಡಾಕ್ಟರು ನೋಡಿ, ಗರ್ಭಕೋಶದ ಬಾಯಿಯಲ್ಲಿ ಹುಣ್ಣಾಗಿದೆ, ಕೆಟ್ಟ ಹುಣ್ಣು, ಹೈದರಾಬಾದಿಗೆ ಕರೆದುಕೊಂಡು ಹೋಗಿ ಕಿರಣದ ಚಿಕಿತ್ಸೆ ಕೊಡಿಸಿದರೆ ಬದುಕುವ ದಾರಿ ಇದೆ, ತಡ ಮಾಡಿದರೆ ಇಲ್ಲ ಎಂದರು.

ಕರೆದುಕೊಂಡು ಹೋಗುವವರು ಯಾರು? ಅತ್ತೆಯವರ ಮಗ ಸಿಂಧನೂರಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ. ಅವನಿಗೆ ಉರ್ದು ಓದಲು ಬರದು, ಅಂಗಡಿ ಬಿಡುವಂತಿಲ್ಲ. ಹೆಂಡತಿ ಹಸಿ ಬಾಣಂತಿ. ನಾನು ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲೇ ಓದಿದವನು, ಬೇಸಿಗೆ ರಜೆ ಬೇರೆ ಬಂದಿತ್ತು. ಹೀಗೆ ನನ್ನ ಎದುರು ಬರದ, ನನ್ನ ಜೊತೆ ಮಾತಾಡದ ಅತ್ತೆಯನ್ನು ಕರೆದುಕೊಂಡು, ಆಕೆಯ ಬಾಯಿಂದ ಗಂಡಸಿನೆದುರು ಹೊರಡಲಾರದ ಕಾಯಿಲೆಗೆ ಔಷಧ ಕೊಡಿಸಲು ನಾನು ಹೊರಟೆ.

ದೊಡ್ಡ ದವಾಖಾನೆಯ ಡಾಕ್ಟರು ಸಮಾಧಾನದ ಮನುಷ್ಯ. ಉರ್ದುವಿನಲ್ಲಿ ಕೇಳುತ್ತಿದ್ದರು, ನಾನು ಗೋಡೆಯ ಕಡೆ ಮುಖ ಮಾಡಿ ಕನ್ನಡದಲ್ಲಿ ಕೇಳುತ್ತಿದ್ದೆ. ಅಲ್ಲಿ ಕಂಬವಿರಲಿಲ್ಲ. ಅತ್ತೆಯವರು ಮುಖ ಮುಚ್ಚುವಂತೆ ಸೆರಗು ಎಳೆದುಕೊಂಡು, ತೊಡೆಯ ಮೇಲಿದ್ದ ಬಟ್ಟೆಯ ಗಂಟಿಗೆ ಉತ್ತರ ಹೇಳಿದರು: "ಗಂಟೇ, ಅಂಥಾದ್ದೇನಿಲ್ಲ ಅಂತ ಹೇಳು." ರಕ್ತ ಯಾವಾಗಿನಿಂದ ಹೋಗುತ್ತಿದೆ ಎಂದರೆ ಅಂಥಾದ್ದೇನಿಲ್ಲ. ನೋವಿದೆಯೇ ಎಂದರೆ ಅಂಥಾದ್ದೇನಿಲ್ಲ. ಇನ್ನೂರು ಮೈಲಿಗೂ ಹೆಚ್ಚು ದೂರ ಬಸ್ಸು, ರೈಲು, ಟಾಂಗಾದಲ್ಲಿ ಬಂದು, ಅಂಥಾದ್ದೇನಿಲ್ಲ. ಕೊನೆಗೆ ವಾರ್ಡಿನ ಆಯಾ ಬಂದು ನನ್ನನ್ನು ಹೊರಗೆ ಕಳಿಸಿದಳು. ಮಸ್ಕಿಯ ಓಣಿಯಲ್ಲಿ ಮುಸಲ್ಮಾನರ ಮನೆಗಳ ನಡುವೆಯೇ ಬಾಳಿದ ಅತ್ತೆಯವರಿಗೆ ದಖನಿ ಉರ್ದು ಚೆನ್ನಾಗಿ ಬರುತ್ತಿತ್ತು ಎಂದು ನನಗೆ ಗೊತ್ತಾದದ್ದು ಬಾಗಿಲ ಹೊರಗೆ ನಿಂತಾಗ. ಆಯಾಳೊಂದಿಗೆ ಅವರು ಒಂದು ತಾಸು ಮಾತಾಡಿದರು. ನಾನು ಅಲ್ಲಿಯವರೆಗೂ ಕನ್ನಡಕ್ಕೆ ತಿರುಗಿಸಿದ್ದೆಲ್ಲ ಅವರಿಗೆ ಮೊದಲೇ ತಿಳಿದಿತ್ತು.

ಕಿರಣದ ಚಿಕಿತ್ಸೆಯನ್ನು ಜನ ಬಿಜಲಿ ಶಾಖ, ಅಂದರೆ ಕರೆಂಟಿನ ಕಾವು, ಎನ್ನುತ್ತಿದ್ದರು. ಶಾಖವೇನೂ ತಾಗುತ್ತಿರಲಿಲ್ಲ. ಕತ್ತಲೆ ಕೋಣೆ, ದೊಡ್ಡ ಯಂತ್ರ, ಗುಂಯ್ ಎನ್ನುವ ಸದ್ದು, ಅಷ್ಟೇ. ಮೂರನೆಯ ವಾರಕ್ಕೆ ರಕ್ತ ಸೋರುವುದು ಬಹಳ ಕಡಿಮೆಯಾಯಿತು. ನನಗೆ ಧೈರ್ಯ ಬಂತು. ಅದೇ ವಾರ ಡಾಕ್ಟರು ನನ್ನನ್ನು ಕರೆದು, "ಖೂನ್ ಕಮ್ ಹೈ, ಮಾಸ್ತರ್ ಸಾಬ್" ಎಂದರು.

ಹುಣ್ಣು ಒಣಗುತ್ತಿರುವಾಗ ರಕ್ತ ಹೇಗೆ ಕಡಿಮೆಯಾಯಿತು ಎಂದು ನಾನು ಕೇಳಿದೆ. ಅವರು ಬಿಡಿಸಿ ಹೇಳಿದರು. ರಕ್ತದಲ್ಲಿ ಕೆಂಪು ಕಣಗಳಿರುತ್ತವೆ, ಉಸಿರನ್ನು ಮೈಗೆಲ್ಲ ಹೊತ್ತು ಮುಟ್ಟಿಸುವವು ಅವೇ. ಅವು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ; ಸೊಂಟದ ಎಲುಬುಗಳಲ್ಲಿ ಆ ಮಜ್ಜೆ ಬಹಳ. ಹುಣ್ಣಿಗೆ ಬಿಡುವ ಕಿರಣ ಅದರ ಸುತ್ತಲಿನ ಎಲುಬಿಗೂ ಬೀಳದೆ ಇರದು. ಆಗಲೇ ಮೈಯಲ್ಲಿ ಹರಿಯುತ್ತಿರುವ ಕಣಗಳಿಗೆ ಅಷ್ಟು ಪೆಟ್ಟಾಗುವುದಿಲ್ಲ, ಅವಕ್ಕೆ ಮೂರು ನಾಲ್ಕು ತಿಂಗಳ ಆಯಸ್ಸು. ಆದರೆ ಹುಟ್ಟಬೇಕಾದವು ಹುಟ್ಟುವುದು ಕಡಿಮೆಯಾಗುತ್ತದೆ. ಗಟ್ಟಿ ಮೈಯಾದರೆ ಇದು ನಿಧಾನವಾಗಿ, ಸ್ವಲ್ಪವಾಗಿ ಇಳಿಯುತ್ತದೆ. ಇವರದು ವರ್ಷದಿಂದ ಸೋರಿ ಮೊದಲೇ ಬರಿದಾದ ಮೈ. ರಕ್ತ ಹೀಗೆ ತೆಳುವಾದರೆ ಕಿರಣವೂ ಹುಣ್ಣನ್ನು ಸರಿಯಾಗಿ ಹಿಡಿಯುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ಉಣ್ಣಿಸಿ, ಕಬ್ಬಿಣದ ಟಾನಿಕ್ ಕುಡಿಸಿ, ಮೂರು ವಾರಕ್ಕೆ ವಾಪಸು ತನ್ನಿ. ಅದಕ್ಕಿಂತ ತಡವಾದರೆ ಹುಣ್ಣು ಮತ್ತೆ ತಲೆ ಎತ್ತುತ್ತದೆ, ಆಗ ನಾನು ಏನೂ ಮಾಡಲಾರೆ ಎಂದರು.

ಶಾಲೆ ತೆರೆಯುವ ದಿನ ಹತ್ತಿರ ಬಂದಿತ್ತು. ಲಿಂಗಸುಗೂರಿನಲ್ಲಿ ದವಾಖಾನೆಯೂ ಇತ್ತು. ಹಾಗಾಗಿ ಅತ್ತೆಯವರನ್ನೂ ಹೆಂಡತಿ, ಮಗುವನ್ನೂ ನಮ್ಮ ಮನೆಗೇ ಕರೆತಂದೆ. ಅತ್ತೆಯವರು ಬರುವಾಗ ಮಸ್ಕಿಯಿಂದ ಒಂದು ಸಣ್ಣ ಚೀಲ ಜೋಳದ ಹಿಟ್ಟು ತಂದರು. ಮಗಳ ಮನೆಯ ಅನ್ನ ಉಂಡರೆ ಋಣವಂತೆ. ಬಂದ ಮರುದಿನವೇ, ಬೇಡವೆಂದು ಮಗಳು ಹೇಳುತ್ತಿದ್ದರೂ, ಬಾಣಂತಿ ಒಲೆಯ ಮುಂದೆ ಕೂಡಬಾರದೆಂದು ಅಡುಗೆಮನೆ ಹಿಡಿದರು.

ನಾನೂ ಅಷ್ಟರಲ್ಲಿ ಗೋಡೆಗೆ ಹೇಳುವುದನ್ನು ಕಲಿತಿದ್ದೆ. ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಹೆಂಡತಿಗೆ ಹೇಳಿದೆ: "ಬುಟ್ಟ್ಯಾಗ ಒಣಗಿಸಿಟ್ಟ ಕಟಕ ರೊಟ್ಟಿ ಅದಾವ ಅಂತ ತಿಳಕೋ. ಒಲಿ ಆರಿದ್ರೂ ಒಂದಿಷ್ಟು ದಿನ ಯಾರಿಗೂ ಗೊತ್ತಾಗಂಗಿಲ್ಲ, ಬುಟ್ಟ್ಯಾಗಿಂದು ತಗದು ತಿಂತಾರ. ಬುಟ್ಟಿ ತಳ ಕಂಡಾಗ ಗೊತ್ತಾಗ್ತೈತಿ. ನಿಮ್ಮವ್ವನ ಎಲುಬಿನ್ಯಾಗ ರಕ್ತ ಬೇಯಿಸೋ ಒಲಿ ಆರೇತಿ. ಅದಕ್ಕ ಕಟಗಿ ಹಾಕಬೇಕು. ನಾ ತರೋದೆಲ್ಲಾ ಆ ಕಟಗಿ."

ಬಾಗಿಲ ಹಿಂದಿನಿಂದ ತೊಟ್ಟಿಲಿಗೆ ಉತ್ತರ ಬಂತು. ಮಗು ಹುಟ್ಟಿದ ಮೇಲೆ ಕಂಬದ ಕೆಲಸ ಅದಕ್ಕೆ ಬಂದಿತ್ತು. "ಯವ್ವಾ, ನಿಮ್ಮಪ್ಪ ಭಾಳ ಶಾಣ್ಯಾರದಾರ. ಒಲಿ ಸುದ್ದಿ ಗಂಡಸರಿಗೂ ತಿಳೀತೈತಿ ನೋಡು."

ನಾನು ತಂದೆ. ಸಂತೆಯಿಂದ ಖರ್ಜೂರ, ದಾಳಿಂಬೆ. ದಿನಾ ಎಮ್ಮೆಯ ಹಾಲು. ಸಿಂಧನೂರಿನಿಂದ ಹೆಂಡತಿಯ ತಮ್ಮ ಬೆಲ್ಲದ ಪೆಂಟೆ, ಶೇಂಗಾ ಕಳಿಸಿದ. ಶಾಲೆಯ ಹಿತ್ತಲಿನ ನುಗ್ಗೆ ಸೊಪ್ಪನ್ನು ನಾನೇ ಕಿತ್ತು ತರುತ್ತಿದ್ದೆ. ಲಿಂಗಸುಗೂರಿನಲ್ಲಿ ಸಿಗದ ಟಾನಿಕ್ಕನ್ನು ಹಟ್ಟಿಯ ಗಣಿಯಲ್ಲಿ ಕೆಲಸ ಮಾಡುವ ಪರಿಚಯದವರ ಕೈಯಲ್ಲಿ ತರಿಸಿದೆ. ಎಲ್ಲವೂ ಮನೆಗೆ ಬಂದು ಖಾಲಿಯಾಗುತ್ತಿದ್ದವು. ಟಾನಿಕ್ಕಿನ ಬಾಟಲಿಯೂ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ನನಗೆ ತೃಪ್ತಿಯಾಗಿತ್ತು. ಆದರೆ ದವಾಖಾನೆಯಲ್ಲಿ ಕಾಂಪೌಂಡರರು ಅತ್ತೆಯವರ ಬೆರಳು ಚುಚ್ಚಿ ರಕ್ತದ ಹನಿಯನ್ನು ಒತ್ತುಕಾಗದಕ್ಕೆ ಹೀರಿಸಿ, ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರೆ, ಕೆಂಪು ಏರಿರಲೇ ಇಲ್ಲ. ಮುಂದಿನ ಸಲ ನೋಡಿದರೆ ಇನ್ನೂ ತುಸು ಕೆಳಗೆ.

ಆ ಹೊತ್ತಿಗೇ ನನ್ನ ಅಂಗಿಯ ಗುಂಡಿಗಳು ಬಿಗಿಯಾಗತೊಡಗಿದ್ದವು. "ಏನ್ರೀ ಮಾಸ್ತರ, ಅತ್ತಿ ಮನಿಗೆ ಬಂದಂಗ ಕಾಣತೈತಿ" ಎಂದು ಶಾಲೆಯಲ್ಲಿ ಜೊತೆಯವರು ಚೇಷ್ಟೆ ಮಾಡುತ್ತಿದ್ದರು. ನಾನು ಅದಕ್ಕೆ ಕಿವಿಗೊಡಲಿಲ್ಲ. ರಾತ್ರಿಯ ಹಾಲು ಬೆಲ್ಲ ಹಾಕಿಯೂ ಒಗರಾಗಿರುತ್ತಿತ್ತು. ಹಾಲು ಮಾರುವವನ ಎಮ್ಮೆ ಏನೋ ತಿಂದಿರಬೇಕು ಎಂದುಕೊಂಡಿದ್ದೆ.

ಮೂರು ವಾರದಲ್ಲಿ ಎರಡು ಕಳೆದಾಗ ನಾನು ದವಾಖಾನೆಗೆ ಹೋಗಿ, ಟಾನಿಕ್ಕು ಖೋಟಾ ಇರಬೇಕೆಂದು ಕಾಂಪೌಂಡರರ ಮೇಲೆ ರೇಗಿದೆ. ಅವರು ನನ್ನ ಮಾತು ಕೇಳದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ, "ಮಾಸ್ತರ, ಟಾನಿಕ್ ಕುಡಿಯೋರು ಅವರೋ, ನೀವೋ?" ಎಂದರು. ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಕಬ್ಬಿಣದ ಟಾನಿಕ್ಕು ಹಲ್ಲಿಗೆ ಕಪ್ಪು ಹಿಡಿಸುತ್ತದೆ. ನನ್ನ ಹಲ್ಲಿನ ಸಂದಿಯೆಲ್ಲ ಕಪ್ಪಾಗಿತ್ತು.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಕೂಗಾಡಿದೆ. ಹೆಂಡತಿ ಬಾಣಂತಿ ಕೋಣೆಯಿಂದ ಎದ್ದು ಬಂದಳು, ಅವಳಿಗೂ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಹುಡುಕಿದರೆ ಮಸ್ಕಿಯ ಹಿಟ್ಟಿನ ಚೀಲ ಮುಕ್ಕಾಲು ಖಾಲಿಯಾಗಿತ್ತು. ಎರಡು ವಾರವೂ ಅವರು ಉಂಡದ್ದು ಆ ಹಿಟ್ಟಿನ ರೊಟ್ಟಿ ಮತ್ತು ಕೆಂಪು ಚಟ್ನಿ. ಖರ್ಜೂರ ನನ್ನ ಹೋಳಿಗೆಯ ಹೂರಣದಲ್ಲಿ ಹೋಗಿತ್ತು. ನುಗ್ಗೆ ಸೊಪ್ಪು ನನ್ನ ಬುತ್ತಿಯ ಪಲ್ಯವಾಗಿತ್ತು. ಟಾನಿಕ್ಕು ನನ್ನ ರಾತ್ರಿಯ ಹಾಲಿನಲ್ಲಿತ್ತು. ಅಳಿಯನಿಗೆ ಒಳ್ಳೆಯದನ್ನು ಉಣ್ಣಿಸದೆ ಅತ್ತೆ ಉಣ್ಣುವುದುಂಟೇ!

ತೊಟ್ಟಿಲ ಕಡೆಯಿಂದ ಅತ್ತೆಯವರ ಶಾಂತವಾದ ದನಿ ಕೇಳಿಸಿತು. "ನಿಮ್ಮಪ್ಪನ ಹೇಳ್ಯಾರವ್ವ, ಒಲಿ ಆರೇತಿ ಅಂತ. ಆರಿದ ಒಲಿಗೆ ಕಟಗಿ ಒಟ್ಟಿದ್ರ ಏನ್ ಬಂತು? ಉರಿಯೋ ಒಲಿಗೆ ಹಾಕಿದ್ರ ನಾಕು ಮಂದಿ ಉಣ್ತಾರ. ಆ ಊರಾಗ ನನ್ನ ಸಲವಾಗಿ ಸೊರಗಿ ಹೋಗಿದ್ರು, ಈಗ ನೋಡು, ಹೆಂಗ ಮೈ ತುಂಬ್ಯಾರ."

ನನ್ನ ಉಪಮಾನವನ್ನೇ ತಿರುಗಿಸಿ ನನ್ನ ಬಾಯಿ ಮುಚ್ಚಿದ್ದರು. ಮಕ್ಕಳಿಗೆ ಪಾಠ ಹೇಳುವಾಗ ಇಂದಿಗೂ ನಾನು ಉಪಮಾನ ಬಳಸಲು ಹೆದರುತ್ತೇನೆ.

ಉಳಿದ ಒಂದು ವಾರ ಹೆಂಡತಿ ಎದುರು ಕೂತು, ಅತ್ತು, ಆಣೆ ಹಾಕಿ ಉಣ್ಣಿಸಿದಳು. ಅಷ್ಟರಿಂದ ಏನಾಗುತ್ತದೆ? ಮತ್ತೆ ಹೈದರಾಬಾದಿಗೆ ಹೋಗುವಾಗ ಅವರು ಬಸ್ಸಿನ ಮೆಟ್ಟಿಲು ಹತ್ತಿ ನಿಂತು, ಕಂಬಿ ಹಿಡಿದು ಬಹಳ ಹೊತ್ತು ಉಸಿರು ತೆಗೆದುಕೊಂಡರು. ಕಂಬಿಯ ಮೇಲಿದ್ದ ಆ ಕೈಯನ್ನು ನಾನು ನೋಡಿದೆ. ಉಗುರುಗಳು ಸುಣ್ಣ ಬಳಿದಂತಿದ್ದವು. ಹೆಬ್ಬೆರಳ ಸುಟ್ಟ ಕಲೆಯೊಂದೇ ಬಣ್ಣವಿದ್ದ ಜಾಗ. ಅಷ್ಟು ದಿನದ ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ ಎಂದು ನನಗೆ ಆಗ ತಿಳಿಯಿತು.

ಡಾಕ್ಟರು ರಕ್ತ ನೋಡಿದವರೇ ಹೇಳಿದರು: ಬೇರೆಯವರ ರಕ್ತ ಏರಿಸದೆ ಇವರಿಗೆ ಕಿರಣ ಬಿಡುವಂತಿಲ್ಲ, ಕಾಯುವಂತೆಯೂ ಇಲ್ಲ. ಯಾರು ಕೊಡುತ್ತೀರಿ?

ಸಿಂಧನೂರಿನಿಂದ ಮಗ ಈ ಸಲ ನಮ್ಮ ಜೊತೆ ಬಂದಿದ್ದ. ಕೊಡುವುದು ಅವನೇ ಎಂದು ಮಾತಾಗಿತ್ತು. ಸೂಜಿಯನ್ನೂ ಬಾಟಲಿಯನ್ನೂ ನೋಡಿದ ಮೇಲೆ ಅವನಿಗೆ ಅಂಗಡಿಯಲ್ಲಿ ತೂಕವಾಗದೆ ಉಳಿದ ಶೇಂಗಾ ಚೀಲಗಳು ನೆನಪಾದವು. ಒಂದು ಬೀಡಿ ಸೇದಿ ಬರುತ್ತೇನೆಂದು ಹೋದವನು ಸಂಜೆಯ ರೈಲು ಹಿಡಿದಿದ್ದ. ನನ್ನ ರಕ್ತ ಹೊಂದುತ್ತದೆಯೇ ನೋಡಿ ಎಂದೆ. ನೋಡಿದರು. ಹೊಂದಿತು.

ಅತ್ತೆಯವರು ಗಂಟನ್ನು ಎದೆಗೆ ಒತ್ತಿಕೊಂಡರು. "ಗಂಟೇ, ಹೇಳು. ಮಗಳ್ನ ಕೊಟ್ಟ ಮನಿಯಿಂದ ಒಂದು ಹಿಡಿ ಹಿಟ್ಟು ತಗೊಂಡಾಕಿ ಅಲ್ಲ ನಾ. ಅಳಿಯನ ರಕ್ತ ತಗೊಂಡು ಯಾವ ಮಾರಿ ಇಟಗೊಂಡು ಮ್ಯಾಲ ಹೋಗ್ಲಿ? ಊರಿಗೆ ಹೋಗೂಣ ಅಂತ ಹೇಳು."

ಆಯಾ ಹೇಳಿದಳು, ಡಾಕ್ಟರು ಹೇಳಿದರು. ಊರಿಗೆ ಹೋಗೋಣ ಎಂಬ ಒಂದೇ ಮಾತು. ನಾನು ಗಂಟನ್ನು ಅವರ ಕೈಯಿಂದ ಕಿತ್ತು ಮಂಚದ ಕೆಳಗಿಟ್ಟೆ. ಐದು ಹಾಸಿಗೆಯ ಆಚೆಗೂ ಕೇಳಿಸುವಂತೆ ಮಾತಾಡಿದೆನಂತೆ. ಆಯಾ ಆಮೇಲೆ ಹೇಳಿದಳು.

"ಅತ್ತಿಯವರ, ಗಂಟಿಗೆ ಹೇಳಬ್ಯಾಡ್ರಿ, ನನಗ ಹೇಳ್ರಿ. ಈ ರಕ್ತ ನಂದು ಎಲ್ಲಿಂದ ಆತು? ನಿಮ್ಮ ಸಲವಾಗಿ ತಂದ ಖಜೂರಿ ನನ್ನ ಹೊಟ್ಟ್ಯಾಗ ಹೋಗೇತಿ. ನಿಮ್ಮ ಹಾಲು, ನಿಮ್ಮ ನುಗ್ಗಿ ಸೊಪ್ಪು, ನಿಮ್ಮ ಟಾನಿಕ್ಕು. ನೋಡ್ರಿ, ಹಲ್ಲು ಇನ್ನಾ ಕರ್ರಗ ಅದಾವ. ಇವು ನಿಮ್ಮ ಬುಟ್ಟಿ ರೊಟ್ಟಿ ಅದಾವ್ರಿ. ನನ್ನ ಮನ್ಯಾಗ ಇಟ್ಟಿದ್ರಿ, ಅಷ್ಟ. ನಿಮ್ಮದು ನೀವು ತಗೊಳ್ರಿ."

ಅವರು ಸೆರಗನ್ನು ತುಸು ಹಿಂದಕ್ಕೆ ಸರಿಸಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮುಖವನ್ನು ಎದುರಿಗೆ ಕಂಡೆ. ಹಳೆಯ ಕಾಗದದ ಬಣ್ಣ, ಹಣೆಯ ವಿಭೂತಿಗೂ ಹಣೆಗೂ ವ್ಯತ್ಯಾಸವಿಲ್ಲ. ಕಣ್ಣು ಮಾತ್ರ ನನ್ನ ಹೆಂಡತಿಯವೇ. ಆ ಕಣ್ಣು ನನ್ನ ಹಲ್ಲನ್ನು ನೋಡಿ ನಕ್ಕವು.

"ಮಾಸ್ತರ," ಎಂದರು ನನಗೇ, "ಸಾಲಿ ಹುಡುಗರು ನಿಮ್ಮನ್ನ ಹೆಂಗ ತಡಕೊಂತಾವೋ ಏನೋ. ಆತು. ಅರ್ಧ ಬಾಟ್ಲಿ ತಗೊಂತೀನಿ. ಪೂರಾ ಬ್ಯಾಡ, ನೀವು ಸಾಲಿಗೆ ಹೋಗೋರು."

ಡಾಕ್ಟರು ಪೂರ್ತಿ ಬಾಟಲಿಯನ್ನೇ ಏರಿಸಿದರು. ಅತ್ತೆಯವರಿಗೆ ಅರ್ಧವೆಂದೇ ಹೇಳಿದೆವು. ಉಳಿದ ಕಿರಣವೂ ಮುಗಿಯಿತು. ಆರಿದ ಒಲೆ ಹೊತ್ತಿಕೊಳ್ಳಲು ಬಹಳ ತಿಂಗಳು ಬೇಕಾದವು. ಮರುವರ್ಷ ನಾನು ಮಸ್ಕಿಗೆ ಹೋಗಿ ಪಡಸಾಲೆಯಲ್ಲಿ ಊಟಕ್ಕೆ ಕೂತರೆ ಏನಾಗಿರಬೇಕು? ಅಡುಗೆಮನೆಯ ಬಾಗಿಲು, ಬಾಗಿಲ ಹಿಂದಿನಿಂದ ಒಂದು ಕೈ. ಆ ಒಂದು ದಿನದ ಮಾತು ಆ ದವಾಖಾನೆಯಲ್ಲೇ ಉಳಿದಿತ್ತು. ನನಗೆ ಸಿಟ್ಟು ಬಂತು. ಆದರೆ ಉಗುರುಗಳಿಗೆ ಬಣ್ಣ ಬಂದಿತ್ತು. ಅಲ್ಲಿಂದ ಮುಂದೆ ಪ್ರತಿ ಸಲವೂ ನಾನು ರೊಟ್ಟಿಯನ್ನು ಬಿಟ್ಟು ಉಗುರನ್ನೇ ನೋಡುತ್ತಿದ್ದೆ. ಅದನ್ನೂ ಅವರು ಮೊಮ್ಮಗಳಿಗೆ ಚಾಡಿ ಹೇಳಿದರು: "ನಿಮ್ಮಪ್ಪ ಉಣ್ಣೋದು ಬಿಟ್ಟು ಕೈ ನೋಡಾಕತ್ತಾರ. ಶಾಸ್ತ್ರ ಹೇಳೋದು ಕಲ್ತಾರೇನ ಕೇಳವ್ವ."

ಮೂರು ವರ್ಷ ಹೀಗೆ ಸಿಕ್ಕಿತು. ಮೊಮ್ಮಗಳು ನಡೆಯುವುದನ್ನು ನೋಡಿದರು, ಅವಳ ಕೈಗೆ ಹಿಟ್ಟಿನ ಚಿಕ್ಕ ಉಂಡೆ ಕೊಟ್ಟು ರೊಟ್ಟಿ ಬಡಿಯಲು ಕೂಡಿಸಿದರು. ನಮ್ಮ ಸೀಮೆ ಮೈಸೂರಿಗೆ ಸೇರುತ್ತದೆಂದು ಊರೆಲ್ಲ ಮಾತು ನಡೆದಿದ್ದ ಕಾಲಕ್ಕೆ ರೋಗ ತಿರುಗಿ ಬಂತು. ಡಾಕ್ಟರು ಈ ಸಲ ಕೈಚೆಲ್ಲಿದರು. ಮಸ್ಕಿಗೆ ಹೋಗಿ ನೋಡಿದರೆ ಅತ್ತೆಯವರು ಅಡುಗೆಮನೆಯಲ್ಲೇ ಒಲೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಹೊಸ್ತಿಲಿಗೆ ಬಂದ ಸದ್ದು ಕೇಳಿ, ಕೈಯೆತ್ತಲಾರದ ಆ ಸ್ಥಿತಿಯಲ್ಲೂ ಸೆರಗಿಗಾಗಿ ತಡಕಾಡತೊಡಗಿದರು.

ನಾನು ಹಿಂದಕ್ಕೆ ಸರಿದು ಬಾಗಿಲ ಮರೆಗೆ ನಿಂತೆ. ಹೆಂಡತಿ ಖರ್ಜೂರ ಅರೆದು ಹಾಕಿ ಕಾಯಿಸಿದ ಹಾಲಿನ ಬಟ್ಟಲನ್ನು ತಂದಿದ್ದಳು. ಅವಳು ಕೊಟ್ಟಾಗಲೆಲ್ಲ ಬೇಡವೆಂದು ತಲೆಯಾಡಿಸುತ್ತಿದ್ದರಂತೆ. ಬಟ್ಟಲನ್ನು ಅವಳಿಂದ ತೆಗೆದುಕೊಂಡು ನಾನೇ ಬಾಗಿಲ ಹಿಂದಿನಿಂದ ಕೈಯಷ್ಟೇ ಒಳಗೆ ಚಾಚಿದೆ. ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದ ಮೂರು ವರ್ಷದ ಮಗಳಿಗೆ ಹೇಳಿದೆ: "ನಿಮ್ಮ ಅಮ್ಮಗ ಹೇಳವ್ವ, ನಾ ಉಂಡೀನಿ ಅಂತ. ಇದು ಅವರ ಪಾಲು." ನಾನು ಆ ದಿನ ಏನೂ ಉಂಡಿರಲಿಲ್ಲ.

ಹೆಂಡತಿ ಒಳಗೆ ಹೋಗಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಪಾತ್ರೆಯಿಂದ ಪಾತ್ರೆಗೆ ಹಾಲು ಸುರಿಯುವ ಸದ್ದು ಕೇಳಿಸಿತು. ಆಮೇಲೆ ಅವರು ಕುಡಿಯುವ ಸದ್ದು, ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಂಡು.

ಮಗಳು ಎರಡೂ ಕೈಯಲ್ಲಿ ಇನ್ನೊಂದು ಬಟ್ಟಲು ಹಿಡಿದು ಹೊರಗೆ ಬಂದಳು. ಬಾಯಿ ಹಚ್ಚುವ ಮೊದಲೇ ಅರ್ಧವನ್ನು ಅದಕ್ಕೆ ಬಗ್ಗಿಸಲು ಹೇಳಿದ್ದರು. "ಅಪ್ಪಾ, ಅಮ್ಮ ಹೇಳ್ಯಾಳ, ನಿಮ್ಮಪ್ಪಗ ಸುಳ್ಳು ಹೇಳಾಕ ಬರಂಗಿಲ್ಲ, ಇದು ಅವ್ರಿಗೆ ಅಂತ."

ಈ ಹೆಂಗಸನ್ನು ಏನು ಮಾಡಬೇಕೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅದೇ ವಾರ ಅವರು ತೀರಿಕೊಂಡರು. ಆ ದಿನ ಬಾಗಿಲ ಹಿಂದೆ ನಿಂತೇ, ನಾನು ಆ ಅರ್ಧ ಬಟ್ಟಲನ್ನು ಪೂರ್ತಿ ಕುಡಿದೆ.